ಪುಕ್ಕಟೆ ಚಕ್ಕೋತ

ಮೂರು ಪುಕ್ಕಟೆ ಚಕ್ಕೋತಕ್ಕೆ ನಾನು ತೆತ್ತ ಬೆಲೆ: ಮೂರು ರಕ್ತಪರೀಕ್ಷೆ, ಎರಡು ದಿನ ಆಸ್ಪತ್ರೆ, ಮತ್ತು ಅಕ್ಕನಿಂದ ಜನ್ಮಕ್ಕಾಗುವಷ್ಟು ಬೈಗುಳ.

ಕಾರಣ ಹೇಳುತ್ತೇನೆ. ಹಿಂದಿನ ವರ್ಷ ಹನುಮಂತನಗರದ ನಮ್ಮಕ್ಕ ತನ್ನದೊಂದು ಕಿಡ್ನಿಯನ್ನು ನನಗೆ ಕೊಟ್ಟಿದ್ದಳು. ಕೇಳುವ ಮೊದಲೇ ಕೊಟ್ಟಳು, ಚೌಕಾಸಿಗೆ ಅವಕಾಶವೇ ಆಗಲಿಲ್ಲ! ಅದನ್ನು ನನ್ನ ಮೈ ಒದ್ದೋಡಿಸದಂತೆ ದಿನಕ್ಕೆರಡು ಸಲ ಸೈಕ್ಲೋಸ್ಪೋರಿನ್ ಎಂಬ ಮಾತ್ರೆ ನುಂಗಬೇಕಿತ್ತು.

"ರಕ್ತದಲ್ಲಿ ಕಾವಲು ಕಣಗಳಿರ್ತವೆ. ಅವುಗಳ ಮೇಲೆ ಗ್ರಾಹಕ ಅಂತ ಒಂದು ಪ್ರೋಟೀನ್, ಕಾಲಿಂಗ್ ಬೆಲ್ ಇದ್ದ ಹಾಗೆ," ಎಂದು ಡಾಕ್ಟರು ವಿವರಿಸಿದ್ದರು. "ಈ ಮಾತ್ರೆ ಬೆಲ್ ಮುಟ್ಟಲ್ಲ, ಒಳಗಿನ ವೈರ್ ಕಟ್ ಮಾಡುತ್ತೆ. ಹೊರಗಿನವರು ಬಂದು ಒತ್ತಿದ್ರೂ ಒಳಗೆ ಯಾರಿಗೂ ಕೇಳ್ಸಲ್ಲ."

ನಾನು ಬನಶಂಕರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಕಟ್ಟಿ ನಿಲ್ಲಿಸಿದವನು. ವೈರಿನ ವಿಷಯ ಬಂದ ಮೇಲೆ ಮಿಕ್ಕದ್ದನ್ನು ಕೇಳುವ ಅಗತ್ಯ ಕಾಣದೆ ಎದ್ದು ಬಂದೆ!

ಗೌರಿ ಹಬ್ಬ ಬಂತು. ಅಕ್ಕನ ಬಾಗಿನದ ಜೊತೆಗಿಡಲು ಜಯನಗರದ ಮಾರ್ಕೆಟ್ಟಿನಲ್ಲಿ ಎರಡು ಚಕ್ಕೋತ ಕೊಂಡು, ಪದ್ಧತಿಯಂತೆ ಮೇಲೊಂದಿಷ್ಟು ಕೊಸರು ಕೇಳಿದೆ.

"ಒಂದು ನಿಂಬೆಹಣ್ಣು ತಗೊಳ್ಳಣ್ಣ," ಎಂದಳು ಹಣ್ಣಿನವಳು.

"ಚಕ್ಕೋತಕ್ಕೆ ಚಕ್ಕೋತನೇ ಕೊಸರು ಕಣಮ್ಮ!"

ಅರ್ಧ ಗಂಟೆ ಗಿರಾಕಿಗಳಿಗೆ ಅಡ್ಡ ನಿಂತೆ.

"ಅಯ್ಯೋ, ಸಣ್ಣವು ಮೂರಿವೆ, ತಗೊಂಡು ಜಾಗ ಖಾಲಿ ಮಾಡು ಪುಣ್ಯಾತ್ಮ!"

ದಿಗ್ವಿಜಯ!

ಪುಕ್ಕಟೆ ಬಂದದ್ದು ಹಾಳಾಗಬಾರದಲ್ಲ? ಉಪ್ಪು ಖಾರ ಹಚ್ಚಿ ಆರು ದಿನ ನಾನೊಬ್ಬನೇ ತಿಂದು ಮುಗಿಸಿದೆ. ಏಳನೆಯ ದಿನ ಅಂಗಡಿಯಲ್ಲಿ ಬಲ್ಬು ಹೋಲ್ಡರಿಗೆ ಸೇರಲೊಲ್ಲದು. ಕೈ ಗಡಗಡ!

"ಕರೆಂಟ್ ಹೊಡೀತಾ ಸಾರ್?" ಎಂದ ಗಿರಾಕಿ. ಕರೆಂಟೇ ಹೋಗಿತ್ತು.

ರಕ್ತಪರೀಕ್ಷೆಯ ವರದಿ ನೋಡಿದ ಡಾಕ್ಟರು ಹೌಹಾರಿದರು. "ಹೊಸದಾಗಿ ಏನ್ರೀ ತಿಂದ್ರಿ?"

"ಚಕ್ಕೋತ ಸಾರ್. ಫ್ರೀ."

"ಅದು ತಿಂದ್ರೆ ಮಾತ್ರೆ ಮೈಯಲ್ಲಿ ಬೇಗ ಖರ್ಚಾಗಲ್ಲ ಕಣ್ರೀ, ರಕ್ತದಲ್ಲೇ ಏರ್ತಾ ಹೋಗುತ್ತೆ!"

"ಅಂದ್ರೆ ಒಂದು ಮಾತ್ರೆಗೆ ಎರಡರ ಕೆಲಸ?" ನನ್ನ ದನಿಯಲ್ಲಿ ಸಂತೋಷವಿದ್ದದ್ದು ನಿಜ.

"ಹೌದು. ಕಿಡ್ನಿ ಹಾಳು ಮಾಡೋ ಕೆಲಸ!"

ಸಂತೋಷ ಇಳಿಯಿತು. ಅಡ್ಮಿಟ್ ಆದೆ. ಅಕ್ಕ ಆಟೋ ಹತ್ತಿ ಬಂದಳು.

"ನನ್ನ ಕಿಡ್ನಿಗೆ ಏನೋ ಮಾಡ್ದೆ?"

"ಈಗದು ನಂದಲ್ವೇನಕ್ಕ?"

"ನೋಡ್ಕೊಳ್ಳೋ ಯೋಗ್ಯತೆ ಇಲ್ದಿದ್ರೆ ವಾಪಸ್ ಕೊಡೋ ಮೂದೇವಿ!"

ಮೂರನೆಯ ಪರೀಕ್ಷೆಯಲ್ಲಿ ರಕ್ತದಲ್ಲಿನ ಮಾತ್ರೆಯ ಮಟ್ಟ ಇಳಿದಿತ್ತು. ಕಿಡ್ನಿಗೆ ಏನೂ ಆಗಿರಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲಿನಿಂದ ಬೈಯಲಾರಂಭಿಸಿದಳು. ಅಷ್ಟು ಹಿತವಾದ ಬೈಗುಳವನ್ನು ನಾನು ಕೇಳಿಯೇ ಇಲ್ಲ!

ಆದ್ದರಿಂದ ಓದುಗರೇ, ದಿನಾ ಮಾತ್ರೆ ನುಂಗುವವರು ಹೊಸ ಹಣ್ಣು, ಕಷಾಯ, ಏನೇ ಮುಟ್ಟುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ. ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ. ಇದು ಗೊತ್ತಿದ್ದಿದ್ದರೆ ನಾನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ!