ಗ್ರಾಮಸೇವಕನ ಪಾರ್ಥೇನಿಯಂ ಪುರಾಣ

ಗ್ರಾಮಸೇವಕ ಹೇಳುವುದೊಂದು, ಊರಲ್ಲಿ ಆಗುವುದೊಂದು. ಮೂರು ತಾಲೂಕು ಸುತ್ತಿದರೂ ನನಗೆ ಇದು ತಪ್ಪಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಪಾರ್ಥೇನಿಯಂ ಕಳೆ ಲಾರಿಗಳ ಜೊತೆ ನಮ್ಮ ಮಲೆನಾಡಿಗೂ ಬಂತು. ಮುಟ್ಟಿದರೆ ತುರಿಕೆ, ಕೆಲವರಿಗೆ ಉಬ್ಬಸ. ಅದು ಗದ್ದೆಗೆ ಇಳಿದರೆ ನಾಟಿಗೆ ಆಳೇ ಸಿಗುವುದಿಲ್ಲ. “ಹೂ ಬಿಡೋ ಮೊದಲೇ ಕೀಳಿಸಿ. ಗದ್ದೆಗೆ ಇಳೀತೋ, ನಿಮ್ಮನ್ನ ಬಯಲುಸೀಮೆಗೆ ಎತ್ತಿ ಹಾಕ್ತೀನಿ” ಎಂದು ನಮ್ಮ ಮೇಲಿನ ಸಾಹೇಬರು ಗದರಿಸಿದ್ದರು.

ಸಾಗರ: ಗಣಪತಿಗೆ ಪತ್ರೆ

ಚೌತಿಯ ಮಾರನೇ ದಿನ ಒಂದು ಮನೆಗೆ ಹೋದೆ. ಪೂಜೆ ಮಾಡಿಸಿದ ಭಟ್ಟರು ಜಗಲಿಯಲ್ಲಿ ಕೂತು ಎರಡೂ ಕೈ ಪರಪರ ಕೆರೆದುಕೊಳ್ಳುತ್ತಿದ್ದರು. ಪೂಜೆಯಲ್ಲಿ ಏನು ಲೋಪವಾಯಿತೋ ಎಂದು ಯಜಮಾನರಿಗೆ ದಿಗಿಲು. ಪತ್ರೆಯ ರಾಶಿ ನೋಡಿದೆ. ಮಾಚಿಪತ್ರೆ ಎಂದು ಏರಿಸಿದ್ದು ಪಾರ್ಥೇನಿಯಂ! ಎಲೆ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಯಜಮಾನರು ನಿಟ್ಟುಸಿರು ಬಿಟ್ಟರು. “ಹಂಗಾರೆ ದೇವ್ರ ಸಿಟ್ಟಲ್ಲ!”

ಭಟ್ಟರು ರೇಗಿದರು. “ದೇವ್ರ ಸಿಟ್ಟಾಗಿದ್ರೆ ಒಂದು ಕಾಯಿ ಒಡದ್ರೆ ಮುಗೀತಿತ್ತು. ಇದಕ್ಕೆ ಎಂತ ಮಾಡವು?”

ತೀರ್ಥಹಳ್ಳಿ: ಸರ್ಕಾರದ ಸೊಪ್ಪು

ತಗಚೆ ಗಿಡ ದಟ್ಟವಾಗಿ ಬೆಳೆದರೆ ಪಾರ್ಥೇನಿಯಂ ತಲೆ ಎತ್ತುವುದಿಲ್ಲ. ಹಾಗಾಗಿ ಒಂದು ಊರಿನ ರಸ್ತೆಬದಿಗೆಲ್ಲ ತಗಚೆ ಬೀಜ ಎರಚಿಸಿದೆ. ಮಳೆ ಹಿಡಿದ ಮೇಲೆ ಹೋಗಿ ನೋಡಿದರೆ ಪಾರ್ಥೇನಿಯಂ ಸೊಂಟದುದ್ದ ನಿಂತಿದೆ, ತಗಚೆಯ ಸುಳಿವಿಲ್ಲ. ಅಲ್ಲೇ ಇದ್ದ ಗೌಡರ ಮನೆಯಮ್ಮನನ್ನು ಕೇಳಿದೆ.

“ಎಳೇ ಸೊಪ್ಪು, ಯಾರ್ ಬಿಡ್ತಾರೆ ಸಾರ್? ಊರೋರೆಲ್ಲ ಪಲ್ಯ ಮಾಡ್ಕಂಡ್ವಿ.”

“ಮತ್ತೆ ಈ ಗಿಡ?”

“ನೀವೇ ವಿಷ ಅಂದಿದ್ರಲ್ಲ! ಹುಷಾರಾಗಿ ಒಂದೂ ಮುಟ್ಟದೆ ಬಿಟ್ಟಿದೀವಿ.”

ಹೊಸನಗರ: ಊರಿನ ಮರ್ಯಾದೆ

ಮಾಸ್ತಿಕಟ್ಟೆಗೆ ಡ್ಯಾಮ್ ಕೆಲಸದ ಲಾರಿಗಳು ಓಡಾಡುತ್ತಿದ್ದ ಕಾಲ. ಅವುಗಳ ದಾರಿಯಲ್ಲಿದ್ದ ಒಂದೂರಿನಲ್ಲಿ ಜನರನ್ನು ಕಟ್ಟಿಕೊಂಡು ಕಿತ್ತೂ ಕಿತ್ತೂ ಕೊನೆಗೆ ಒಂದು ಗಿಡವೂ ಇಲ್ಲದಂತೆ ಮಾಡಿದ್ದೆ. ನನಗೆ ಹೆಮ್ಮೆಯೋ ಹೆಮ್ಮೆ. ಅಷ್ಟರಲ್ಲಿ ಸಾಹೇಬರು ಅಲ್ಲಿಗೇ ಪಾರ್ಥೇನಿಯಂ ಕೀಳುವ ಶ್ರಮದಾನಕ್ಕೆ ಬರುತ್ತಾರೆಂದು ಸುದ್ದಿ ಬಂತು.

ಪಂಚಾಯ್ತಿ ಚೇರ್ಮನ್ನರ ಮುಖ ಸಪ್ಪಗಾಯಿತು. “ಅಷ್ಟು ದೂರದಿಂದ ಬರೋರಿಗೆ ಕೀಳಕ್ಕೆ ಒಂದು ಗಿಡಾನೂ ಇಲ್ಲ ಅಂದ್ರೆ ಊರಿಗೆ ಮರ್ಯಾದೆನಾ?”

ತಮಾಷೆ ಎಂದುಕೊಂಡು ನಕ್ಕು ಬಂದೆ.

ಆ ದಿನ ಸಾಹೇಬರ ಜೀಪಿನಿಂದ ಇಳಿದು ನೋಡಿದೆ. ಪಂಚಾಯ್ತಿ ಕಟ್ಟಡದ ಎದುರು, ಗದ್ದೆಯ ಅಂಚಿಗೇ, ಸಾಲುಸಾಲು ಪಾರ್ಥೇನಿಯಂ! ಚೇರ್ಮನ್ನರು ಸಾಗರದಿಂದ ಬೇರುಸಮೇತ ತರಿಸಿ ನೆಟ್ಟು, ನೀರು ಹಾಕಿ, ದನ ಮೂಸಿಯೂ ನೋಡದ ಗಿಡಕ್ಕೆ ಬೇಲಿ ಬೇರೆ ಕಟ್ಟಿದ್ದರು. ಬಿಳಿ ಹೂ ಮೈತುಂಬ ಬಿಟ್ಟಿತ್ತು.

ಸಾಹೇಬರು ಕೈಗವಸು ಹಾಕಿಕೊಂಡು ಎರಡು ಗಿಡ ಕಿತ್ತರು. ಫೋಟೋ ಆಯಿತು. ಊರು ಅಚ್ಚುಕಟ್ಟಾಗಿದೆ ಎಂದು ಚೇರ್ಮನ್ನರ ಬೆನ್ನು ತಟ್ಟಿ ಕಾಫಿಗೆ ಒಳಗೆ ಹೋದರು. ಬೀಜ ಉದುರುವ ಮೊದಲು ಉಳಿದದ್ದನ್ನು ಕಿತ್ತು ಸುಡೋಣವೆಂದು ನಾನು ಬೇಲಿ ಹಾರಿದೆ. ಚೇರ್ಮನ್ನರು ಓಡಿ ಬಂದು ರಟ್ಟೆ ಹಿಡಿದುಕೊಂಡರು.

“ಅಯ್ಯೋ, ಅದು ಇರ್ಲಿ ಸಾರ್! ಮುಂದಿನ ತಿಂಗ್ಳು ಮಂತ್ರಿಗಳು ಬರ್ತಾರೆ!”