ಲಿಂಗರಾಜಪುರದ ಪ್ರಮಾಣಿತ ನೇರ ಗೋಡೆ

ಲಿಂಗರಾಜಪುರದಲ್ಲಿರುವ ಹಳೇ ಕಡತಗಳ ಸರ್ಕಾರಿ ಉಗ್ರಾಣದ ಕಾಂಪೌಂಡ್ ಗೋಡೆಯು ಅರವತ್ತೆರಡು ವರ್ಷಗಳ ಕಾಲ ನೇರವಾಗಿತ್ತೆಂದು ದಾಖಲೆಗಳಿಂದ ಕಂಡುಬರುತ್ತದೆ. ಮಾರ್ಚ್ ಹನ್ನೊಂದನೇ ತಾರೀಕು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಅದು ಸೊಟ್ಟಗಾಯಿತು. ಆ ಹೊತ್ತಿನಲ್ಲಿ ಗೋಡೆಯನ್ನು ಯಾರೂ ಮುಟ್ಟಿರಲಿಲ್ಲ. ಅಂಬ್ರೀನ್ ಅದನ್ನು ನೋಡುತ್ತಿದ್ದಳು, ಅಷ್ಟೆ.

ಅಂಬ್ರೀನಳದು ಶಿವಾಜಿನಗರದಲ್ಲಿ ಸಿನಿಮಾ ಕ್ಯಾಮೆರಾ, ಲೆನ್ಸು ಬಾಡಿಗೆಗೆ ಕೊಡುವ ಅಂಗಡಿ. ಆಗಷ್ಟೇ ಕೊಂಡಿದ್ದ ಅನಾಮಾರ್ಫಿಕ್ ಲೆನ್ಸೊಂದನ್ನು ಪರೀಕ್ಷಿಸಲು ಬಂದಿದ್ದಳು. ಈ ಜಾತಿಯ ಲೆನ್ಸು ಅಗಲವಾದ ದೃಶ್ಯವನ್ನು ಎರಡೂ ಪಕ್ಕದಿಂದ ಹಿಂಡಿ ಒಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಪರದೆಯ ಮೇಲೆ ಹಿಗ್ಗಿಸಿ ನೋಡಬೇಕು. ಹಿಂಡಿ ಹಿಗ್ಗಿಸುವಷ್ಟರಲ್ಲಿ ಅಂಚುಗಳು ಒಂದಿಷ್ಟು ಬಾಗುತ್ತವೆ, ಮೂಲೆಗಳು ಕಪ್ಪಾಗುತ್ತವೆ, ಎದುರಿನ ದೀಪದ ಬೆಳಕು ಅಡ್ಡಕ್ಕೆ ನೀಲಿ ಗೆರೆಯಾಗಿ ಎಳೆದುಕೊಳ್ಳುತ್ತದೆ. ಅದೇ ಅದರ ಚೆಂದ, ಜನ ಬಾಡಿಗೆ ಕೊಡುವುದೂ ಅದಕ್ಕೇ. ಸಣ್ಣ ಕ್ಯಾಮೆರಾಕ್ಕೆ ಹಾಕಿದರೆ ನಡುಭಾಗ ಮಾತ್ರ ಕಾಣುವುದರಿಂದ ಎಲ್ಲವೂ ಸರಿಯಾಗಿರುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾ ಅಂಚಿನವರೆಗೂ ನೋಡುತ್ತದೆ. ಹಾಗೆ ನೋಡಿದಾಗ ಎಷ್ಟು ಬಾಗಿತು ಎಂದು ತಿಳಿಯಲು ಈ ಕಸುಬಿನವರು ಇಟ್ಟಿಗೆ ಗೋಡೆಯ ಮುಂದೆ ನಿಲ್ಲುತ್ತಾರೆ; ಇಟ್ಟಿಗೆ ಸಾಲು ನೇರ ಇರುತ್ತದಲ್ಲ.

ಕಂಟೋನ್ಮೆಂಟಿನಿಂದ ರಾಮಮೂರ್ತಿ ನಗರದವರೆಗೆ ಪೋಸ್ಟರು, ಎಲೆಅಡಿಕೆ ಉಗುಳು ಇಲ್ಲದ ಇಟ್ಟಿಗೆ ಗೋಡೆ ಅವಳಿಗೆ ಸಿಕ್ಕಿದ್ದು ಇದೊಂದೇ. ಕಾರಣ ಆಂಜನಮ್ಮ. ಗೋಡೆಗೆ ಒತ್ತಿ ಬಜ್ಜಿ ಗಾಡಿ ನಿಲ್ಲಿಸಿಕೊಂಡಿದ್ದ ಆಕೆ, ಅಂಟಿನ ಬಕೆಟ್ಟು ಹಿಡಿದು ಬಂದವರಿಗೆಲ್ಲ ಕಾದ ಸೌಟು ತೋರಿಸುತ್ತಿದ್ದಳು.

ಅಲ್ಲಿಗೆ ಬಜ್ಜಿ ತಿನ್ನಲು ಬಂದವರು ಗೋಡೆ ಮತ್ತು ಬೇಲಿ ನಿರ್ವಹಣಾ ಉಪವಿಭಾಗದ ಸಹಾಯಕ ಇಂಜಿನಿಯರ್ ವಿರೂಪಾಕ್ಷ. ಉಪವಿಭಾಗದಲ್ಲಿ ಆಗ ಸೂತಕದ ವಾತಾವರಣವಿತ್ತು. ಗೋಡೆ ದುರಸ್ತಿಯ ಅನುದಾನ ಮಾರ್ಚ್ ಮೂವತ್ತೊಂದಕ್ಕೆ ವಾಪಸ್ ಹೋಗುವುದರಲ್ಲಿತ್ತು. ಬಿದ್ದಿದ್ದ ಗೋಡೆಗಳೆಲ್ಲ ಕಾಗದದ ಮೇಲೆ ಹಿಂದಿನ ವರ್ಷವೇ ದುರಸ್ತಿಯಾಗಿಬಿಟ್ಟಿದ್ದವು. ವಿರೂಪಾಕ್ಷ ಬಜ್ಜಿ ಕಚ್ಚಿಕೊಂಡೇ ಅಂಬ್ರೀನಳ ಕ್ಯಾಮೆರಾದ ಮಾನಿಟರಿನೊಳಗೆ ಇಣುಕಿದರು. ಅವರ ಮುಖ ಅರಳಿತು.

"ಏನ್ರೀ ಮೇಡಂ ಇದು? ನಮ್ ಗೋಡೆ ಎರಡೂ ತುದೀಲಿ ಕುಸಿದಿದೆ!"

"ಗೋಡೆ ಅಲ್ಲ ಸಾರ್, ಲೆನ್ಸ್ ಹಂಗೆ ತೋರಿಸ್ತಿದೆ. ಕಣ್ಣಲ್ಲಿ ನೋಡಿ, ನೇರಾನೇ ಇದೆ."

"ಕಣ್ಣಲ್ಲಿ ನೋಡಿದ್ದನ್ನ ಫೈಲಿಗೆ ಹಾಕಕ್ಕಾಗುತ್ತೇನ್ರೀ? ಎಷ್ಟಕ್ಕೆ ತಗೊಂಡ್ರಿ ಇದನ್ನ?"

"ಆರೂವರೆ ಲಕ್ಷ."

"ಆರೂವರೆ ಲಕ್ಷದ್ದು ಸುಳ್ಳು ಹೇಳುತ್ತಾ? ಇಷ್ಟು ವರ್ಷ ಮೊಬೈಲಲ್ಲಿ ಫೋಟೋ ಹೊಡ್ದು, ನಡುಭಾಗ ಮಾತ್ರ ನೋಡಿ ಮೋಸ ಹೋಗ್ಬಿಟ್ವಿ."

ಲೆನ್ಸನ್ನು ಸಾಕ್ಷ್ಯವೆಂದು ವಶಪಡಿಸಿಕೊಳ್ಳಲಾಯಿತು. ಅಂಬ್ರೀನ್ ತಾರೀಕು ಎಣಿಸಿದಳು. ಇಪ್ಪತ್ತೆಂಟರಿಂದ ಹಲಸೂರಿನಲ್ಲಿ ಶೂಟಿಂಗು. ಅವಳ ಅಂಗಡಿಗೆ ಸಿಕ್ಕ ಮೊದಲ ಪೂರ್ತಿ ಸಿನಿಮಾ. ಅವರು ಕೇಳಿದ್ದು ಈ ಲೆನ್ಸನ್ನೇ. ಲೆನ್ಸಿಲ್ಲದಿದ್ದರೆ ಸಿನಿಮಾನೂ ಇಲ್ಲ.

ಮೂರು ದಿನದಲ್ಲಿ ವರದಿ ಸಿದ್ಧವಾಯಿತು. "ಗೋಡೆಯ ಉಭಯ ತುದಿಗಳು ಕುಸಿದಿರುತ್ತವೆ. ನಾಲ್ಕೂ ಮೂಲೆಗಳಲ್ಲಿ ಹಗಲಿನಲ್ಲೇ ಕತ್ತಲೆ ಆವರಿಸಿದ್ದು, ದೀಪದ ಕಂಬಗಳ ಅಗತ್ಯವಿರುತ್ತದೆ. ಸ್ಕೂಟರೊಂದರ ಹೆಡ್‌ಲೈಟಿನಿಂದ ಹೊರಟ ನೀಲಿ ಗೆರೆಯು ಗೋಡೆಯುದ್ದಕ್ಕೂ ಹಾದುಹೋಗಿದ್ದು, ಸದರಿ ಗೆರೆಯು ಅನಧಿಕೃತ ಕೇಬಲ್ ಆಗಿರುತ್ತದೆ." ಕೇಬಲ್ಲಿನ ಮಾಲೀಕರಿಗೆ ನೋಟಿಸನ್ನು ಗೋಡೆಗೇ ಅಂಟಿಸಿದರು. ಅರವತ್ತೆರಡು ವರ್ಷಗಳಲ್ಲಿ ಆ ಗೋಡೆ ಕಂಡ ಮೊದಲ ಪೋಸ್ಟರು ಅದು.

ಅಂಬ್ರೀನ್ ಕಚೇರಿಗೆ ಓಡಿದಳು.

"ನೋಡ್ರೀ ಮೇಡಂ," ಎಂದರು ವಿರೂಪಾಕ್ಷ ಸಮಾಧಾನವಾಗಿ, "ಲೆನ್ಸ್ ಬಾಗಿಸುತ್ತೆ ಅಂತ ಬರ್ಕೊಟ್ರೆ ಅದು ದೋಷಪೂರಿತ ಉಪಕರಣ. ನಿಯಮ ಹದಿನಾಲ್ಕರ ಪ್ರಕಾರ ಸುತ್ತಿಗೇಲಿ ಒಡೀಬೇಕು. ಗೋಡೆ ಬಾಗಿದೆ ಅಂತ ಬರ್ಕೊಟ್ರೆ ಗೋಡೆ ಒಡೀತೀವಿ, ಲೆನ್ಸ್ ನಿಮ್ಗೆ. ಏನನ್ನೂ ಒಡೀದೆ ಫೈಲ್ ಮುಚ್ಚಕ್ಕೆ ಅವಕಾಶ ಇಲ್ಲ."

"ಗೋಡೆ ಒಡೆದ್ರೆ ಆಂಜನಮ್ಮನ ಗತಿ?"

"ಅವರ ಗಾಡಿಗೆ ಚಕ್ರ ಇದೆಯಲ್ರೀ."

ಅವಳು ಗೋಡೆ ಬಾಗಿದೆ ಎಂದು ಬರೆದುಕೊಟ್ಟಳು. ಬರೆಯುವಾಗ ನಾಚಿಕೆಯಾಯಿತು, ಸಹಿ ಮಾಡುವಾಗ ಸ್ವಲ್ಪ ಕಡಿಮೆಯಾಯಿತು.

ಗೋಡೆ ಜೆಸಿಬಿಗೆ ಎರಡು ದಿನ ಜಗ್ಗಲಿಲ್ಲ. ಕುಸಿದ ಗೋಡೆಗಳ ಹಣೆಬರಹವೇ ಹೀಗೆ ಎಂದು ಕಡತದಲ್ಲಿ ನಮೂದಾಯಿತು. ಹೊಸ ಗೋಡೆಯು ಅದೇ ಲೆನ್ಸಿನಲ್ಲಿ ನೇರವಾಗಿ ಕಂಡರೆ ಮಾತ್ರ ಬಿಲ್ಲು ಪಾಸಾಗತಕ್ಕದ್ದೆಂದು ಆದೇಶವಿತ್ತು. ಆದ್ದರಿಂದ ಅಂಬ್ರೀನಳನ್ನೇ ತಾಂತ್ರಿಕ ಸಲಹೆಗಾರ್ತಿಯನ್ನಾಗಿ ಮಾಡಿದರು. ಅವಳು ಮಾನಿಟರು ನೋಡುತ್ತ "ತುದಿ ಎತ್ತಿ, ನಡು ಇಳ್ಸಿ" ಎನ್ನುತ್ತ ಕೂತಳು. ಮೇಸ್ತ್ರಿ ಮೊದಲ ದಿನ ಗೋಡೆ ನೇರವಿದೆಯೇ ಎಂದು ನೋಡುವ ತೂಕದ ಗುಂಡು, ನೂಲು ತಂದಿದ್ದ. ಎರಡನೇ ದಿನದಿಂದ ಮನೆಯಲ್ಲೇ ಬಿಟ್ಟು ಬಂದ.

ಇಪ್ಪತ್ತೇಳಕ್ಕೆ ಗೋಡೆ ಮುಗಿಯಿತು. ಬರಿಗಣ್ಣಿಗೆ ಅದು ಹಳೇ ನವಾರದ ಮಂಚದ ಹಾಗೆ ನಡುವೆ ಜೋತುಬಿದ್ದಿತ್ತು. ಲೆನ್ಸಿನಲ್ಲಿ ಗೆರೆ ಎಳೆದಷ್ಟು ನೇರ. ಉದ್ಘಾಟನೆಗೆ ಬಂದ ಗಣ್ಯರು ಗೋಡೆಗೆ ಬೆನ್ನು ಹಾಕಿ ಸಾಲಾಗಿ ನಿಂತು ಮಾನಿಟರು ನೋಡಿದರು, ಚಪ್ಪಾಳೆ ತಟ್ಟಿದರು. ಲೆನ್ಸು ವಾಪಸ್ ಬಂತು. ಹಲಸೂರಿನ ಶೂಟಿಂಗು ಸುಸೂತ್ರವಾಗಿ ನಡೆಯಿತು.

ಏಪ್ರಿಲ್‌ನಲ್ಲಿ ಬೋರ್ಡು ಬಂತು: "ಪ್ರಮಾಣಿತ ನೇರ ಗೋಡೆ. ನಗರದ ಪೂರ್ವ ಭಾಗದ ಸಮಸ್ತ ಬಾಡಿಗೆ ಲೆನ್ಸುಗಳನ್ನು ಇಲ್ಲಿಯೇ ಪರೀಕ್ಷಿಸಿ ಪ್ರಮಾಣಪತ್ರ ಪಡೆಯತಕ್ಕದ್ದು." ಆಂಜನಮ್ಮನ ಗಾಡಿಯೂ ಮರಳಿತ್ತು. ಅಂಬ್ರೀನ್ ತಲೆ ತಗ್ಗಿಸಿಕೊಂಡೇ ಕ್ಷಮೆ ಕೇಳಲು ಹೋದರೆ ಆಕೆ ನಕ್ಕುಬಿಟ್ಟಳು. "ಬಿಡಮ್ಮಾ, ಮೊದ್ಲು ಒಳಗಿನ್ ಸ್ಟಾಫೆಲ್ಲ ಗೇಟ್ ಸುತ್ಕೊಂಡ್ ಬರ್ತಿದ್ರು. ಈಗ ಗೋಡೆ ತಗ್ಗಿರೋ ನಡುಮಧ್ಯದಿಂದ್ಲೇ ಕೈ ಚಾಚ್ತಾರೆ. ವ್ಯಾಪಾರ ಡಬಲ್ಲು."

ಜೂನ್‌ನಲ್ಲಿ ಅಂಬ್ರೀನ್ ಇನ್ನೊಂದು ಲೆನ್ಸು ತರಿಸಿದಳು. ಕೂದಲೆಳೆಯಷ್ಟೂ ಬಾಗಿಸುವುದಿಲ್ಲ ಎಂದು ಹೆಸರು ಮಾಡಿದ್ದು, ದುಬಾರಿ. ಪ್ರಮಾಣಿತ ಗೋಡೆಯ ಮುಂದೆ ಕ್ಯಾಮೆರಾ ನಿಲ್ಲಿಸಿ ನೋಡಿದಳು. ಒರೆಸಿ ನೋಡಿದಳು. ಬಿಚ್ಚಿ, ಮತ್ತೆ ಹಾಕಿ ನೋಡಿದಳು.

ಆಂಜನಮ್ಮ ಸೌಟು ಹಿಡಿದುಕೊಂಡೇ ಬಂದು ಇಣುಕಿದಳು. "ಕಣ್ಣಿಗೆ ಹೆಂಗ್ ಕಾಣುತ್ತೋ ಹಂಗೇ ಕಾಣ್ತೈತಲ್ಲಮ್ಮಾ?"

"ಅದೇ ತೊಂದ್ರೆ, ಆಂಜನಮ್ಮ," ಎಂದಳು ಅಂಬ್ರೀನ್. ಪರೀಕ್ಷಾ ನಮೂನೆಯಲ್ಲಿ ದೋಷದ ಕಾಲಮಿನ ಎದುರು "ನೇರ ಗೋಡೆಯನ್ನು ಸೊಟ್ಟಗೆ ತೋರಿಸುತ್ತದೆ" ಎಂದು ಬರೆದಳು. ಎರಡು ಮೆಣಸಿನಕಾಯಿ ಬಜ್ಜಿ ತಿಂದು, ಕೈ ಒರೆಸಿಕೊಂಡು, ಲೆನ್ಸನ್ನು ಅದೇ ಪೆಟ್ಟಿಗೆಗೆ ಹಾಕಿ ಕಂಪನಿಗೆ ವಾಪಸ್ ಕಳಿಸಿದಳು.