ಸಕ್ಕರೆ ಬಹಿಷ್ಕರಿಸಿದ ಕಟ್ಟಡ

ಸಕ್ಕರೆ ಕಾಯಿಲೆಯನ್ನು ನನ್ನಷ್ಟು ಗದರಿಸಿದವರು ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ. ರಕ್ತಪರೀಕ್ಷೆಯ ವರದಿ ಕೈಗೆ ಬಂದ ಸಂಜೆಯೇ ಅಡುಗೆಮನೆಯ ನಡುವೆ ನಿಂತು ಘೋಷಿಸಿದೆ: "ಇವತ್ತಿಂದ ಈ ಮನೇಲಿ ಅನ್ನ ಇಲ್ಲ, ಬ್ರೆಡ್ ಇಲ್ಲ, ಆಲೂಗಡ್ಡೆ ಇಲ್ಲ. ಸಕ್ಕರೆ ಹೆಸರು ಎತ್ತೋ ಹಾಗೇ ಇಲ್ಲ!"

ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. "ಈರುಳ್ಳಿ ಇರಬಹುದಾ?" ಎಂದಳು. ಇರಬಹುದೆಂದು ಅಪ್ಪಣೆ ಕೊಟ್ಟು, ಸಕ್ಕರೆ ಡಬ್ಬವನ್ನು ಸಿಂಕಿಗೆ ಬಗ್ಗಿಸಿ ನಲ್ಲಿ ತಿರುಗಿಸಿದೆ.

ಒಳಗೊಳಗೆ ನನಗೆ ವಿಪರೀತ ಭಯ. ವಿಮೆ ಏಜೆಂಟನಾದ ನಾನು ಊರಿಗೆಲ್ಲ ಭಯ ಹಂಚಿ ಹೊಟ್ಟೆ ಹೊರೆದವನು. ನನ್ನ ಪಾಲಿಗೆ ಬಂದದ್ದನ್ನು ಒಬ್ಬನೇ ಹೊರಲಾರದೆ ಅದನ್ನೂ ಕಟ್ಟಡಕ್ಕೆಲ್ಲ ಹಂಚಿದೆ. ಮೆಟ್ಟಿಲಲ್ಲಿ ಸಿಕ್ಕವರನ್ನೆಲ್ಲ ತಡೆದು ಕಣ್ಣು, ಕಿಡ್ನಿ, ಕಾಲ್ಬೆರಳು ಎಂದು ಹೆದರಿಸಿದೆ. ಎದುರು ಮನೆಯ ನಿವೃತ್ತ ಮೇಷ್ಟ್ರು, ಕೆಳಗಿನ ಮನೆಯ ಟೈಲರ್, ಮೇಲಿನ ಮನೆಯ ದಂತವೈದ್ಯೆ ಎಲ್ಲರೂ ಸಕ್ಕರೆಯನ್ನು ಗಡಿಪಾರು ಮಾಡುವುದಾಗಿ ಮಾತು ಕೊಟ್ಟರು. ಮೊಟ್ಟೆ, ಎಲೆಕೋಸು, ಕಡಲೆಕಾಯಿ ತಿಂದು ನನ್ನ ಸಕ್ಕರೆಯೂ ಇಳಿಯತೊಡಗಿತು. ಗೆಲ್ಲುತ್ತಿರುವ ಸೇನಾಪತಿ ಡಾಕ್ಟರನ್ನು ಕೇಳಲು ಹೋಗುತ್ತಾನೆಯೇ? ಅವರು ಮೊದಲ ದಿನ ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿಗೆ ಬರೀ ಸೌತೆಕಾಯಿ ತಿಂದು ಪೇಪರ್ ಹಿಡಿದು ಕುಳಿತೆ. ಸ್ವಲ್ಪ ಹೊತ್ತಿಗೆ ಪೇಪರ್ ಪಟಪಟ ಎನ್ನತೊಡಗಿತು. ಎದ್ದು ಫ್ಯಾನ್ ಆರಿಸಿದೆ. ಆಗಲೂ ಪಟಪಟ. ನಡುಗುತ್ತಿದ್ದದ್ದು ನನ್ನ ಕೈ! ಅಂಗಿಯೆಲ್ಲ ಬೆವರು, ಎದೆ ಡವಡವ. ಸಕ್ಕರೆ ಏರಿಬಿಟ್ಟಿದೆ ಎಂದುಕೊಂಡೆ. ಏರಿದ್ದನ್ನು ಇಳಿಸಬೇಕಾದರೆ ಓಡಾಡಬೇಕು ತಾನೇ? ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಕೊನೆಗೆ ನಮ್ಮ ಮನೆಯ ಹೊಸ್ತಿಲ ಮೇಲೆ ಕುಸಿದು ಕುಳಿತೆ.

"ಏನ್ರೀ ಇದು, ಮುಖ ಸುಣ್ಣದ ಹಾಗಾಗಿದೆ?"

"ಸಕ್ಕರೆ ಏರಿದೆ ಕಣೇ. ಸ್ವಲ್ಪ ಎತ್ತಿ ನಿಲ್ಲಿಸು, ಇನ್ನೊಂದು ಸುತ್ತು ಓಡಿ ಬರ್ತೀನಿ."

"ಬಾಯಿ ಮುಚ್ಕೊಂಡು ಬೆರಳು ಕೊಡಿ."

ಸೂಜಿ ಚುಚ್ಚಿದಳು. ಮೀಟರಿನಲ್ಲಿ ಐವತ್ತೆರಡು ಎಂದು ಬಂತು. ತಕ್ಷಣ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಏರಿಲ್ಲಮ್ಮ, ಕುಸಿದಿದೆ. ತುಂಬಾ ಅಪಾಯ. ಎಚ್ಚರ ಇರೋವಾಗ್ಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. ಏನು ತಿಂತಿದಾರೆ ಅವರು?"

"ಅನ್ನ, ಬ್ರೆಡ್ಡು ಎಲ್ಲಾ ಬಿಟ್ಟಿದಾರೆ ಡಾಕ್ಟ್ರೇ."

"ಮಾತ್ರೆ?"

"ಅದೊಂದು ಬಿಟ್ಟಿಲ್ಲ."

"ಊಟ ಇಳಿಸಿದ್ದು ತಪ್ಪಲ್ಲ. ನನಗೆ ಹೇಳಿದ್ರೆ ಮಾತ್ರೇನೂ ಇಳಿಸ್ತಿದ್ದೆ. ಮೊದ್ಲು ಸಕ್ಕರೆ ಕೊಡಿ, ಆಮೇಲೆ ಬೈತೀನಿ."

ಹೆಂಡತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಮನೆಯಲ್ಲಿ ಒಂದು ಹರಳು ಸಕ್ಕರೆಯೂ ಇರಲಿಲ್ಲ. ನನ್ನ ಕಣ್ಣಿಗೆ ಮಬ್ಬು ಕವಿಯುತ್ತಿತ್ತು. ಸಾವಿನ ಬಗ್ಗೆ ಅಷ್ಟು ವರ್ಷ ಭಾಷಣ ಮಾಡಿದ ನನಗೆ ಅದು ಇಷ್ಟು ಬೆವರಿಸುತ್ತದೆಂದು ಗೊತ್ತಿರಲಿಲ್ಲ. ಇವಳೊಬ್ಬಳೇ ಉಳಿದುಬಿಡುತ್ತಾಳಲ್ಲ ಎಂದು ಜೀವ ಝಲ್ಲೆಂದಿತು.

ಅವಳು ಎದುರು ಬಾಗಿಲು ಬಡಿದಳು. "ಮೇಷ್ಟ್ರೇ, ಸ್ವಲ್ಪ ಸಕ್ಕರೆ ಇದ್ರೆ ಕೊಡಿ."

"ಸಕ್ಕರೇನಾ? ಛೆ ಛೆ, ನಿಮ್ಮ ಯಜಮಾನ್ರು ಹೇಳಿದ ದಿನಾನೇ ಬಿಸಾಕಿದ್ವಲ್ಲಮ್ಮ."

ಕೆಳಗಿನಿಂದ ಟೈಲರ್, "ನಾವಂತೂ ಆ ಕಡೆ ತಿರುಗಿಯೂ ನೋಡಲ್ಲ" ಎಂದ. ದಂತವೈದ್ಯೆ ಮೇಲಿನಿಂದ ಬಗ್ಗಿ, "ಹಲ್ಲಿಗೂ ಒಳ್ಳೇದು ಅಂತ ಅವತ್ತೇ ನಿಲ್ಲಿಸಿದೆ" ಎಂದರು. ಜೀವ ಹೋಗುವ ಹೊತ್ತಿನಲ್ಲೂ ನನಗೆ ಒಂದಿಷ್ಟು ಹೆಮ್ಮೆಯಾಯಿತು.

ಹೆಂಡತಿ ಮೆಟ್ಟಿಲ ನಡುವೆ ನಿಂತು ಕಿರುಚಿದಳು. "ನಿಮ್ಮನ್ನ ಪರೀಕ್ಷೆ ಮಾಡೋಕೆ ಕೇಳ್ತಿಲ್ಲ. ಇವರು ಸಾಯ್ತಿದಾರೆ!"

ಕಟ್ಟಡದಲ್ಲಿ ಧಡಧಡ ಸದ್ದು. ಮೇಷ್ಟ್ರು ಚಪ್ಪಲಿ ಗೂಡಿನೊಳಗೆ ಕೈ ಹಾಕಿ ಜಾಮ್ ಬಾಟಲಿ ಎಳೆದು ತಂದರು. ಟೈಲರ್ ಗುಂಡಿ ಡಬ್ಬಿಯನ್ನು ಹೊಸ್ತಿಲಲ್ಲಿ ಸುರುವಿದ. ಗುಂಡಿಗಿಂತ ಚಾಕೊಲೇಟೇ ಹೆಚ್ಚಿದ್ದವು. ದಂತವೈದ್ಯೆ ಬರಿಗಾಲಲ್ಲಿ ಓಡಿಬಂದರು. ಅವರ ಎರಡೂ ಕೈಯಲ್ಲಿ ಒಂದೊಂದು ಸಕ್ಕರೆ ಡಬ್ಬ!

ಸಕ್ಕರೆ ನೀರು ಗಂಟಲಿಗಿಳಿದ ಕಾಲು ಗಂಟೆಗೆ ನಡುಕ ನಿಂತಿತು. ಮತ್ತೆ ಚುಚ್ಚಿ ನೋಡಿದಾಗ ಮೀಟರು ತೊಂಬತ್ತು ದಾಟಿತ್ತು. ಶಿಷ್ಯವೃಂದ ತಲೆ ತಗ್ಗಿಸಿ ನಿಂತಿತ್ತು.

"ಹೇಳಿದ್ರೆ ನೀವು ನೊಂದ್ಕೋತೀರಿ ಅಂತ..." ಎಂದು ಮೇಷ್ಟ್ರು ಗೊಣಗಿದರು.

"ಇಡೀ ಕಟ್ಟಡದಲ್ಲಿ ಒಬ್ಬರಾದ್ರೂ ನನ್ನ ಮಾತು ಕೇಳಿದ್ರಾ?" ಎಂದೆ.

ಹೆಂಡತಿ ನನ್ನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತು, ಮೇಷ್ಟ್ರ ಜಾಮ್ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಚಮಚ ತುಂಬ ತೆಗೆದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಕಣ್ಣಂಚಿನಲ್ಲಿ ನೀರು.

ನಾನು ಹೌಹಾರಿದೆ. "ನಿನಗೂ ಸಕ್ಕರೆ ಇಳಿದಿದೆಯೇನೇ?"

"ನನಗೆಲ್ಲಿ ಕಾಯಿಲೆ ರೀ? ನೀವೊಬ್ಬರೇ ಬಿಟ್ರೆ ಬೇಜಾರು ಮಾಡ್ಕೋತೀರಿ ಅಂತ ನಾನೂ ಬಿಟ್ಟಿದ್ದೆ. ಸ್ವಲ್ಪ ಸುಮ್ನಿರಿ, ಇನ್ನೊಂದು ಚಮಚ ತಿಂತೀನಿ."